ಮೈಸೂರಿನಲ್ಲಿ ಲೂಟಿ, ಪೋರ್ಚುಗಲ್ಲಿನಲ್ಲಿ ಯುದ್ಧತಂತ್ರ



ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಿದವರಿಗೆ ಅಲ್ಲಿನ ಪಡುವಣ ಗೋಡೆಯ ಮೇಲಿರುವ ಯುದ್ಧಚಿತ್ರ ನೆನಪಿರಬಹುದು. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ನಡೆದ ಕದನವದು. ನಡುವೆ ಚೌಕಾಕಾರವಾಗಿ ನಿಂತ ಇಂಗ್ಲಿಷ್ ಪಡೆ, ಪಲ್ಲಕ್ಕಿಯಲ್ಲಿ ಕರ್ನಲ್ ಬೇಲಿ, ಸ್ಫೋಟಗೊಂಡ ಮದ್ದಿನ ಗಾಡಿ, ಸುತ್ತಲೂ ಮುತ್ತಿಕೊಂಡ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯ. ಅಂದು ಬೇಲಿಯ ತುಕಡಿ ಪೂರ್ತಿ ನಾಶವಾಯಿತು, ಬದುಕುಳಿದವರು ಸೆರೆಸಿಕ್ಕರು.

ಇದೇ ಯುದ್ಧಗಳ ಇನ್ನೊಂದು ಚಿತ್ರ ಲಂಡನ್ನಿನ ಓದುಗರಿಗೆ ಸಿಕ್ಕಿತು. ಶ್ರೀರಂಗಪಟ್ಟಣದ ಸೆರೆಯಿಂದ ಬಿಡುಗಡೆಯಾದವರು ಬರೆದ ಕಥನಗಳು ಅಲ್ಲಿ ಅಚ್ಚಾದವು. ಸೆರೆಯಾಳುಗಳ ಪಾಡು ಸುಳ್ಳಲ್ಲ. ಆದರೆ ಆ ಪುಸ್ತಕಗಳಿಂದ ಓದುಗರ ಮನಸ್ಸಿನಲ್ಲಿ ಉಳಿದದ್ದು ಕ್ರೂರಿಯಾದ ಪೂರ್ವದೇಶದ ಅರಸನ ಚಿತ್ರ. ಕಂಪನಿಯ ಸೈನ್ಯ ಸೋತದ್ದೇಕೆ ಎಂಬ ಪ್ರಶ್ನೆ ಹಿಂದೆ ಸರಿಯಿತು.

ಹಾಗಾದರೆ ಮೈಸೂರಿನವರ ಯುದ್ಧಕ್ರಮ ಎಂಥದ್ದು? ಎದುರುಬದುರು ನಿಂತು ಗುಂಡು ಹಾರಿಸುವುದಷ್ಟನ್ನೇ ಹೈದರಾಲಿ ಯುದ್ಧವೆಂದು ತಿಳಿದಿರಲಿಲ್ಲ. ವೇಗದ ಕುದುರೆಪಡೆಯಿಂದ ಶತ್ರುವಿನ ದಿನಸಿ, ಮೇವುಗಳನ್ನು ತಡೆಯುವುದು, ದಾರಿಯಲ್ಲಿನ ಬೆಳೆ ಸುಡುವುದು ಅವನ ಕ್ರಮ. 1769ರಲ್ಲಿ ಅವನು ಹೀಗೆಯೇ ಮದ್ರಾಸಿನ ಬಾಗಿಲಿಗೆ ಬಂದು ನಿಂತು, ಕಂಪನಿಯನ್ನು ಒಪ್ಪಂದಕ್ಕೆ ಒಪ್ಪಿಸಿದ. 1791ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದಾಗ ಮೇವಿಲ್ಲದೆ, ರೋಗ ತಗುಲಿ ಅವನ ಎತ್ತುಗಳು ಸತ್ತವು. ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿಹಾಕಿ ಅವನು ಹಿಂದಿರುಗಬೇಕಾಯಿತು. ಇಂಗ್ಲಿಷ್ ಬರಹಗಳಲ್ಲಿ ಇಂಥ ಯುದ್ಧಕ್ಕೆ ಸಾಮಾನ್ಯವಾಗಿ ಸಿಕ್ಕ ಹೆಸರು ಲೂಟಿ.

ಈಗ ಸ್ವಲ್ಪ ಯೂರೋಪಿನತ್ತ ನೋಡೋಣ. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿನಲ್ಲಿ, ಕತ್ತಲಲ್ಲಿ ದಾರಿ ತಪ್ಪಿ ಹಿಮ್ಮೆಟ್ಟಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವೆಲಿಂಗ್ಟನ್ ಎಂದು ಹೆಸರಾದವನು. 1810ರಲ್ಲಿ ಫ್ರೆಂಚರು ಪೋರ್ಚುಗಲ್ಲಿನೊಳಕ್ಕೆ ನುಗ್ಗಿದಾಗ ಅವನು ಮಾಡಿದ್ದೇನು? ಅವರ ದಾರಿಯಲ್ಲಿನ ದವಸಧಾನ್ಯ ಸಾಗಿಸುವಂತೆ, ಉಳಿದದ್ದನ್ನು ನಾಶಪಡಿಸುವಂತೆ ಆಜ್ಞಾಪಿಸಿದ. ತಾನು ಟೋರೆಸ್ ವೆಡ್ರಾಸ್‌ನ ಕೋಟೆಸಾಲಿನ ಹಿಂದೆ ಕಾದು ಕುಳಿತ. ಹಸಿದ ಫ್ರೆಂಚರು ಹಿಂದಿರುಗಿದರು. ಇದನ್ನವನು ಮೈಸೂರಿನಿಂದಲೇ ಕಲಿತನೆಂದು ಹೇಳಬೇಕಾಗಿಲ್ಲ. ಯೂರೋಪಿಗೂ ಈ ಉಪಾಯ ಹಳೆಯದೇ. ಆದರೆ ಅಲ್ಲಿ ಇದಕ್ಕೆ ಸಂದದ್ದು ಮಹಾ ಯುದ್ಧತಂತ್ರವೆಂಬ ಗೌರವ.

ರಾಕೆಟ್ಟಿನ ಕಥೆಯೂ ಹೀಗೆಯೇ. ಬಿದಿರಿನ ಗಳುವಿಗೆ ಕಟ್ಟಿದ ಮೈಸೂರಿನ ಬಾಣಗಳಿಗೆ ಕಬ್ಬಿಣದ ಕೊಳವೆಯಿತ್ತು. ಆದ್ದರಿಂದ ಅವು ಯೂರೋಪಿನ ಕಾಗದದ ಕೊಳವೆಗಳಿಗಿಂತ ಹೆಚ್ಚಿನ ಒತ್ತಡ ತಡೆದು ದೂರಕ್ಕೆ ಹಾರುತ್ತಿದ್ದವು. ಗುರಿ ತಪ್ಪುವ ಗದ್ದಲದ ಆಯುಧವೆಂದು ಹಗುರವಾಗಿ ಮಾತನಾಡಿದ ಇಂಗ್ಲಿಷರಿದ್ದರು. ಆದರೂ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಾದರಿಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅಭಿವೃದ್ಧಿಪಡಿಸಿದ ರಾಕೆಟ್ಟುಗಳು 1807ರಲ್ಲಿ ಕೋಪನ್‌ಹೇಗನ್ ನಗರವನ್ನು ಸುಟ್ಟವು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಬಾಣಗಳು ಹೊರಬಂದಾಗ, ಆ ಕಬ್ಬಿಣದ ಕೊಳವೆಗಳನ್ನು ನಮ್ಮವರೂ ಕಣ್ಣಾರೆ ಕಂಡರು.

ಹಾಗೆಂದು ಪಶ್ಚಿಮದವರ ಬಣ್ಣವನ್ನು ಒರೆಸಿ ನಮ್ಮ ಬಣ್ಣ ಬಳಿಯುವುದೂ ಸರಿಯಲ್ಲ. ಹೈದರನ ಕುದುರೆಗಳು ತುಳಿದ ಆರ್ಕಾಟಿನ ಸೀಮೆಯ ರೈತರು ಹಸಿವಿನಿಂದ ನರಳಿದರು. ವೆಲಿಂಗ್ಟನ್ ಬರಿದು ಮಾಡಿಸಿದ ನಾಡಿನ ಪೋರ್ಚುಗಲ್ ರೈತರೂ ಸಾವಿರಾರು ಸಂಖ್ಯೆಯಲ್ಲಿ ಹಸಿವು, ರೋಗಗಳಿಗೆ ಬಲಿಯಾದರು. ಒಂದನ್ನು ಲೂಟಿ ಎಂದವರು ಇನ್ನೊಂದನ್ನು ತಂತ್ರವೆಂದರು. ಸುಟ್ಟ ಹೊಲದ ಒಡೆಯನಿಗೆ ಎರಡೂ ಒಂದೇ ಆಗಿತ್ತು.