ಹೆಸರು ಎಲ್ಲಿರಬೇಕು, ಲೆಕ್ಕ ಎಲ್ಲಿರಬೇಕು?

(ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಸಾರ)



ಸಾಫ್ಟ್‌ವೇರ್ ಪ್ರಾಜೆಕ್ಟ್ ಕೈಗೆತ್ತಿಕೊಂಡವರಿಗೆ ಬರುವ ಪ್ರಶ್ನೆ ಇದು: ಮಾಹಿತಿಯನ್ನು ಡೇಟಾಬೇಸಿನಲ್ಲಿ ಇಡಬೇಕೇ, ಡೈರೆಕ್ಟರಿಯಲ್ಲಿ ಇಡಬೇಕೇ? ಉತ್ತರಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಆಳಂದ, ಅಫಜಲಪುರ, ಜೇವರ್ಗಿಯ ರೈತರೆಲ್ಲ ಬಲ್ಲ ಪಹಣಿಯನ್ನೇ ನೋಡೋಣ.

ಕಂದಾಯ ಇಲಾಖೆಯ ‘ಭೂಮಿ’ ಯೋಜನೆ 2000ದ ದಶಕದ ಆರಂಭದಲ್ಲಿ ರಾಜ್ಯದ 177 ತಾಲ್ಲೂಕು ಕೇಂದ್ರಗಳಲ್ಲಿ ಜಾರಿಗೆ ಬಂದು, ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಇಂಥ ಕೆಲಸದಲ್ಲಿ ಎರಡು ಬಗೆಯ ಮಾಹಿತಿ ಇರುತ್ತದೆ.

ಮೊದಲನೆಯದು ಪಹಣಿ. ಹೊಲ ಮಾರಾಟವಾದರೆ ಮಾರಿದವನ ಹೆಸರು ತೆಗೆಯುವುದು, ಕೊಂಡವನ ಹೆಸರು ಸೇರಿಸುವುದು, ಎರಡೂ ಒಟ್ಟಿಗೇ ಆಗಬೇಕು. ಒಂದು ಆಗಿ ಇನ್ನೊಂದು ನಿಂತರೆ ಹೊಲ ಇಬ್ಬರದೂ ಆದೀತು, ಇಲ್ಲವೇ ಯಾರದೂ ಅಲ್ಲದೆ ಹೋದೀತು. ಎರಡೂ ಆಗಲಿ, ಇಲ್ಲವೇ ಎರಡೂ ಬೇಡ ಎಂಬ ಖಾತರಿ ಕೊಡುವುದೇ ಡೇಟಾಬೇಸಿನ ಬಲ. ಬೆಳೆವಾರು, ಹೋಬಳಿವಾರು ಲೆಕ್ಕ ತೆಗೆಯುವುದಕ್ಕೂ ಅದೇ ಅನುಕೂಲ.

ಎರಡನೆಯದು, ಆ ಪಹಣಿಯನ್ನು ಯಾರು ತಿದ್ದಬಹುದು ಎಂಬುದು. ‘ಭೂಮಿ’ಯಲ್ಲಿ ನೌಕರರ ಬೆರಳಚ್ಚು ಪರಿಶೀಲಿಸುವ ಏರ್ಪಾಡು ಮಾಡಿದ್ದು ಇದಕ್ಕಾಗಿಯೇ. ಹೆಸರು, ಹುದ್ದೆ, ಕಚೇರಿ, ಪಾಸ್‌ವರ್ಡ್ ಇವನ್ನು ದಿನಕ್ಕೆ ನೂರು ಸಲ ಓದುತ್ತೇವೆ, ಬದಲಿಸುವುದು ಅಪರೂಪ. ಜಿಲ್ಲೆ, ತಾಲ್ಲೂಕು, ಹೋಬಳಿ ಎಂದು ಕವಲು ಕವಲಾಗಿ ಜೋಡಿಸಲೂ ಬರುತ್ತದೆ. ಇದಕ್ಕೆ ಡೈರೆಕ್ಟರಿ ತಕ್ಕುದು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 1993ರಲ್ಲಿ ಪ್ರಕಟವಾದ ಎಲ್‌ಡಿಎಪಿ ನಿಯಮಗಳನ್ನು ಅನೇಕ ಸಾಫ್ಟ್‌ವೇರ್‌ಗಳು ಬಲ್ಲವು. ಹಾಗಾಗಿ ಅವೆಲ್ಲ ಒಂದೇ ಪಟ್ಟಿಯನ್ನು ನೋಡಿ ಬಳಕೆದಾರನನ್ನು ಗುರುತಿಸಬಲ್ಲವು.

ಒಂದು ಕಚೇರಿಯಲ್ಲಿ ಐದು ಸಾಫ್ಟ್‌ವೇರ್, ಐದು ಪಟ್ಟಿ ಇವೆ ಎನ್ನೋಣ. ವರ್ಗವಾಗಿ ಹೋದ ನೌಕರನ ಹೆಸರನ್ನು ನಾಲ್ಕರಿಂದ ತೆಗೆದು ಐದನೆಯದನ್ನು ಮರೆತರೆ ಆ ಬಾಗಿಲು ತೆರೆದೇ ಉಳಿಯುತ್ತದೆ. ಅಲ್ಲಿರುವುದು ಬಡವನ ಹೊಲದ ದಾಖಲೆಯಾದರೆ ಪರಿಣಾಮವನ್ನು ನೀವೇ ಊಹಿಸಿ.

ಹಾಗೆಂದು ಎಲ್ಲಕ್ಕೂ ಡೈರೆಕ್ಟರಿ ಬೇಕಿಲ್ಲ. ಕಾಲೇಜಿನ ಗ್ರಂಥಾಲಯಕ್ಕೆ ಒಂದೇ ಸಾಫ್ಟ್‌ವೇರ್ ಮಾಡುವವರಿಗೆ ಒಂದು ಡೇಟಾಬೇಸ್ ಸಾಕು. ಇನ್ನೊಂದು ಸರ್ವರ್ ಎಂದರೆ ಇನ್ನೊಂದು ನಿರ್ವಹಣೆ, ಇನ್ನೊಂದು ಬ್ಯಾಕಪ್. ಅದೇ ಹೆಸರುಗಳನ್ನು ಎರಡನೆಯ, ಮೂರನೆಯ ಸಾಫ್ಟ್‌ವೇರ್ ಕೇಳತೊಡಗಿದಾಗ ಡೈರೆಕ್ಟರಿಯ ವಿಚಾರ ಮಾಡಿ. ಆಗ ಪಾಸ್‌ವರ್ಡ್ ಡೈರೆಕ್ಟರಿಯಲ್ಲಿ ಮಾತ್ರ ಇರಲಿ. ಡೇಟಾಬೇಸಿನಲ್ಲಿ ನೌಕರನ ಸಂಖ್ಯೆ ಇರಲಿ. ಆ ಸಂಖ್ಯೆಯನ್ನು ಮತ್ತೊಬ್ಬರಿಗೆ ಎಂದೂ ಕೊಡಬೇಡಿ.

ಇಂದು ಯಾರಿಗೆ ಅಧಿಕಾರವಿದೆ ಎಂಬುದನ್ನು ಡೈರೆಕ್ಟರಿ ಹೇಳಲಿ. ಅಂದು ತಿದ್ದಿದವರು ಯಾರು ಎಂಬುದನ್ನು ಡೇಟಾಬೇಸ್ ನೆನಪಿಡಲಿ. ಇಷ್ಟನ್ನು ಮೊದಲೇ ನಿರ್ಧರಿಸಿ ಪ್ರಾಜೆಕ್ಟ್ ಆರಂಭಿಸಿರಿ ಎಂದು ಕೋರುತ್ತಾ ನನ್ನ ಮಾತು ಮುಗಿಸುತ್ತೇನೆ.