ಬೇಚರಾಕ್ ಅಂದವರು ಯಾರು?

(ತೊಂಡೇಬಾವಿಯ ಸಭೆಯಲ್ಲಿ ಆಡಿದ ಮಾತು. ಬರೆದುಕೊಂಡವರು ಅಲ್ಲಲ್ಲಿ ತಿದ್ದಿದ್ದಾರೆ.)



ಹೋದ ಭಾನುವಾರ ರಾತ್ರಿ ಇದೇ ಕೇರಿಯಲ್ಲಿ ಗೋಡೆಗೆ ಬಿಳಿ ಪಂಚೆ ಕಟ್ಟಿ ಒಂದು ಸಣ್ಣ ಸಾಕ್ಷ್ಯಚಿತ್ರ ತೋರಿಸಿದೆವು. ಹದಿನೆಂಟು ನಿಮಿಷದ್ದು, ಕೆ.ಜಿ.ಎಫ್. ಚಿನ್ನದ ಗಣಿಯ ಮೇಲೆ ಮಾಡಿದ್ದು. ಮಾಡಿದವರು ಬೆಂಗಳೂರಿನ ಓದಿದ ಹುಡುಗರು. ಕೆಟ್ಟ ಮನಸ್ಸಿನವರಲ್ಲ, ಹೆಸರು ಇಲ್ಲಿ ಬೇಡ. ಚಿತ್ರ ತಂದವನು ನಾನು. ತೋರಿಸುವ ಮೊದಲು ಅದನ್ನು ಹೊಗಳಿ ಮಾತಾಡಿದವನೂ ನಾನೇ. ಮುಗಿದ ಮೇಲೆ ನೀವು ಆಡಿದ ಮಾತು ಕೇಳಿ ನನ್ನ ಹೊಗಳಿಕೆ ನನಗೇ ನಾಚಿಕೆ ತಂದಿತು. ಇದನ್ನು ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕೇರಿಗಳಿಗೂ ಒಯ್ಯಬೇಕು ಎಂದು ಗೆಳೆಯರು ತೀರ್ಮಾನ ಮಾಡಿದ್ದರು. ಒಯ್ಯಬೇಕೋ ಬೇಡವೋ ಎಂಬುದು ಈಗ ನಮ್ಮ ಮುಂದಿರುವ ಪ್ರಶ್ನೆ. ಅದಕ್ಕೇ ಇವತ್ತು ಚಿತ್ರಕ್ಕಿಂತ ಹೆಚ್ಚಾಗಿ ನಿಮ್ಮ ಮಾತಿನ ಬಗ್ಗೆಯೇ ಮಾತಾಡುತ್ತೇನೆ.

ಅವತ್ತು ಬಾರದವರಿಗೆ ಚಿತ್ರ ಹೀಗಿದೆ. ಗಣಿ ಶಾಫ್ಟಿನ ಮೇಲಿನ ಕಬ್ಬಿಣದ ಗೋಪುರ, ತುಕ್ಕು ಹಿಡಿದದ್ದು. ಬೆಳ್ಳಗೆ ಗುಡ್ಡದಂತೆ ನಿಂತ ಸೈನೈಡ್ ದಿಬ್ಬ. ದೊರೆಗಳ ಬಂಗಲೆ, ಮುರಿದ ಕಿಟಕಿ, ಅದರೊಳಗಿಂದ ಬೆಳೆದ ಗಿಡ. ಸಾಲು ಸಾಲು ಕೂಲಿ ಲೈನಿನ ಮನೆಗಳು, ಬಾಗಿಲು ಮುಚ್ಚಿದ್ದು. ಹಿಂದೆ ಒಂದು ದನಿ ಹೇಳುತ್ತದೆ: ಇಲ್ಲಿ ಒಂದು ಕಾಲಕ್ಕೆ ಜನ ಇದ್ದರು, ಈಗ ಗಾಳಿ ಮಾತ್ರ ಇದೆ. ಪಿಟೀಲು ಅಳುತ್ತದೆ. ಅಷ್ಟೇ.

ಚಿತ್ರ ಮುಗಿದ ತಕ್ಷಣ ನಮ್ಮ ಹುಡುಗರು ‘ರಾಕಿ ಎಲ್ಲಣ್ಣಾ?’ ಅಂತ ಕೂಗಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. 2018ರಲ್ಲೊಂದು, 2022ರಲ್ಲೊಂದು ದೊಡ್ಡ ಸಿನಿಮಾ ಬಂದ ಮೇಲೆ ಕೆ.ಜಿ.ಎಫ್. ಅಂದರೆ ನಮ್ಮ ಮಕ್ಕಳಿಗೆ ಬಂದೂಕು ಹಿಡಿದ ಗಡ್ಡದ ಹೀರೋ. ಅಲ್ಲಿ ಸುತ್ತಿಗೆ ಹಿಡಿದವನ ಕತೆ ಯಾರಿಗೆ ಬೇಕು? ಇನ್ನೊಬ್ಬರು, ಮೇಷ್ಟ್ರು, ‘ಎಷ್ಟು ಚೆನ್ನಾಗಿ ತೆಗೆದವ್ರೆ, ಒಂದೊಂದೂ ಕ್ಯಾಲೆಂಡರ್‌ಗೆ ಹಾಕಬಹುದು’ ಅಂದರು. ಹಿಂದೆ ನಿಂತಿದ್ದ ಯಾರೋ ‘ದೆವ್ವದ ಊರು ಇದ್ದಂಗೈತೆ’ ಅಂದರು. ನಾನು ಬುದ್ಧಿವಂತಿಕೆ ತೋರಿಸಲು ಹೋಗಿ, ‘ನಮ್ಮ ಶ್ಯಾನುಭೋಗರ ಲೆಕ್ಕದಲ್ಲಿ ಜನ ಇಲ್ಲದ ಊರಿಗೆ ಬೇಚರಾಕ್ ಅಂತಾರಲ್ಲ, ಹಾಗಾಗಿದೆ ನೋಡಿ ಆ ಊರು’ ಅಂದೆ. ಬೇಚರಾಕ್ ಅಂದರೆ ಚಿರಾಗ್ ಇಲ್ಲದ್ದು, ದೀಪ ಉರಿಯದ ಊರು ಎಂದು ಅರ್ಥವನ್ನೂ ಬಿಡಿಸಿದೆ.

ಆಗ ಮುಂದೆ ಕೂತಿದ್ದ ನಮ್ಮ ಅಜ್ಜಿ ಕೇಳಿದರು: ‘ಬೇಚರಾಕ್ ಅಂತೀಯಲ್ಲಪ್ಪ, ಆ ಲೈನು ಮನೆ ಮುಂದೆ ಬಟ್ಟೆ ಒಣಗಾಕಿದ್ರಲ್ಲ, ಅವು ಯಾರವು?’

ನಾನು ಆ ಚಿತ್ರವನ್ನು ನಾಲ್ಕು ಸಲ ನೋಡಿದ್ದೆ. ಬಟ್ಟೆ ಕಂಡಿರಲಿಲ್ಲ. ಹುಡುಗರು ಹಿಂದಕ್ಕೆ ಓಡಿಸಿ ನಿಲ್ಲಿಸಿದರು. ಇತ್ತು. ತಂತಿಯ ಮೇಲೆ ಒಂದು ಲಂಗ, ಎರಡು ಶರಟು, ಅದರಲ್ಲಿ ಒಂದು ಇಸ್ಕೂಲ್ ಮಗುವಿನ ಯೂನಿಫಾರಂ. ಪಕ್ಕದಲ್ಲಿ ಪ್ಲಾಸ್ಟಿಕ್ ಬಿಂದಿಗೆ, ನೀರು ತುಂಬಿದ್ದು. ಪಿಟೀಲು ಅಳುತ್ತಿದ್ದುದು ಈ ಬಿಂದಿಗೆಯ ಮೇಲೆ!

ಆಮೇಲೆ ಮಾತು ತಿರುಗಿತು. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುವ ನಮ್ಮ ಹುಡುಗ ಎದ್ದು ನಿಂತ. ‘ಅಣ್ಣಾ, ನನ್ನ ಜೊತೆ ಕೆಲಸ ಮಾಡೋರಲ್ಲಿ ಇಬ್ರು ಆ ಕಡೆಯೋರೇ. ಮಾರಿಕುಪ್ಪದಲ್ಲಿ ರೈಲು ಹತ್ತಿ ಬರ್ತಾರೆ. ಬಾಗಿಲತ್ರ ನೇತಾಡ್ಕಂಡು ಬರೋಷ್ಟು ರಶ್ಶು. ಊರಲ್ಲಿ ಗಾಳಿ ಮಾತ್ರ ಐತೆ ಅಂದ್ರೆ ಅಷ್ಟು ಜನ ಎಲ್ಲಿಂದ ಹತ್ತುತಾರೆ?’ ಅಂದ. ಮುಂದುವರಿದು, ‘ಇವ್ರು ಕ್ಯಾಮರಾ ತಗಂಡು ಹೋಗಿರೋದು ಬಿಸಿಲು ಬಂದ ಮೇಲೆ. ನಮ್ಮ ಕೇರಿಗೂ ಹನ್ನೊಂದು ಗಂಟೆಗೆ ಬಂದು ನೋಡ್ಲಿ. ಒಂದು ನಾಯಿ, ಇಬ್ರು ಮುದುಕ್ರು. ನಮ್ದೂ ಪಾಳುಬಿದ್ದ ಊರೇ’ ಅಂದ.

ಈ ಮಾತು ನನ್ನನ್ನು ವಾರವೆಲ್ಲ ಕಾಡಿತು. ತೊಂಡೇಬಾವಿ ಸ್ಟೇಷನ್ನಿನಲ್ಲಿ ಬೆಳಗಿನ ರೈಲಿಗೆ ಬುತ್ತಿ ಹಿಡಿದು ನಿಲ್ಲುವ ನಮಗೂ, ಬಂಗಾರಪೇಟೆ ದಾರಿಯಲ್ಲಿ ಕತ್ತಲಲ್ಲೇ ಹೊರಡುವ ಅವರಿಗೂ ಏನು ವ್ಯತ್ಯಾಸ? 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವ ತನಕ ನಾವೂ ಅವರೂ ಒಂದೇ ಕೋಲಾರ ಜಿಲ್ಲೆ. ಆದರೂ ಅವರ ಚರಿತ್ರೆ ನಮಗೆ ಗೊತ್ತಿಲ್ಲ. ಅವರು ತಮಿಳರು ಅಂತ ಸುಮ್ಮನಿದ್ದೆವು. ಗಣಿಯೊಳಗೆ ಇಳಿದವರಲ್ಲಿ ಬಹುಪಾಲು ಜನ ಆರ್ಕಾಟು, ಸೇಲಂ ಕಡೆಯಿಂದ ಬಂದ ಆದಿದ್ರಾವಿಡರು, ನಮ್ಮವರೇ.

ಸ್ವಲ್ಪ ಚರಿತ್ರೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಬೇಚರಾಕ್ ಎಂದು ನಾನು ಕರೆದ ಆ ಊರಿಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂತು. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಇಡೀ ಸಂಸ್ಥಾನದಲ್ಲಿ ಮೊದಲು ಕರೆಂಟು ಕಂಡ ಊರಿಗೆ ನಾನು ದೀಪವಿಲ್ಲದ ಊರು ಅಂದೆ! ಆದರೆ ಆ ಕರೆಂಟು ತಂದದ್ದು ಗಣಿಯ ಯಂತ್ರಕ್ಕೆ, ಕೂಲಿಯ ತಟ್ಟಿ ಗುಡಿಸಲಿಗಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಅಲ್ಲಿಂದ ನೂರಿಪ್ಪತ್ತು ವರ್ಷ ಸುಮಾರು 800 ಟನ್ ಚಿನ್ನ ತೆಗೆದರು. ಚಾಂಪಿಯನ್ ರೀಫ್ ಗಣಿ ನೆಲದಡಿಗೆ ಮೂರು ಕಿಲೋಮೀಟರಿಗೂ ಹೆಚ್ಚು ಇಳಿದಿತ್ತು. ಅಲ್ಲಿ ಬಂಡೆ ಕೈ ಸುಡುವಷ್ಟು ಬಿಸಿ, ಯಾವಾಗ ಸಿಡಿಯುತ್ತದೋ ಗೊತ್ತಿಲ್ಲ. ಸಿಡಿಯದಿದ್ದರೆ ಧೂಳು. ಆ ಧೂಳು ಶ್ವಾಸಕೋಶದಲ್ಲಿ ಕೂತು ಬರುವ ಸಿಲಿಕೋಸಿಸ್ ಗಣಿಯವನ ಸ್ವಂತ ಆಸ್ತಿ.

ಸುಮ್ಮನೆ ಸತ್ತವರಲ್ಲ ಅವರು. ಹೆಬ್ಬೆಟ್ಟು ಒತ್ತಿಸಿ ರಿಜಿಸ್ಟರ್ ಮಾಡುವ ಪದ್ಧತಿ ಬೇಡ ಅಂತ 1930ರಲ್ಲಿ ಮೂರು ವಾರ ಮುಷ್ಕರ ಹೂಡಿದರು. ವಿದುರಾಶ್ವತ್ಥದಲ್ಲಿ 1938ರಲ್ಲಿ ಗೋಲಿಬಾರ್ ಆದದ್ದು ನಮ್ಮ ತಾಲ್ಲೂಕಿನ ಮಕ್ಕಳಿಗೆ ಗೊತ್ತು. 1946ರ ನವೆಂಬರ್ 4ರಂದು ಕೆ.ಜಿ.ಎಫ್.ನಲ್ಲಿ ಆರು ಜನ ಕಾರ್ಮಿಕರು ಪೊಲೀಸರ ಕೈಯಲ್ಲಿ ಸತ್ತದ್ದು ಎಷ್ಟು ಜನಕ್ಕೆ ಗೊತ್ತು? ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ದೀಕ್ಷೆ ತೆಗೆದುಕೊಳ್ಳುವ ಎಷ್ಟೋ ದಶಕ ಮೊದಲೇ ಅಯೋತಿ ದಾಸ ಪಂಡಿತರ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪದಲ್ಲಿತ್ತು. ಹದಿನೆಂಟು ನಿಮಿಷದಲ್ಲಿ ಇದಕ್ಕೆ ಒಂದು ನಿಮಿಷವೂ ಸಿಗಲಿಲ್ಲ. ಮುರಿದ ಬಂಗಲೆಗೆ ಮೂರು ನಿಮಿಷ ಸಿಕ್ಕಿತು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು. ನಷ್ಟ ಅಂದರು. ಮುಚ್ಚಿದ್ದು ಗಣಿಯನ್ನು, ಜನರನ್ನಲ್ಲ. ಜನ ಅದೇ ಲೈನಿನಲ್ಲಿ ಉಳಿದರು. ಬೇಸಿಗೆ ಗಾಳಿಗೆ ದಿಬ್ಬದ ಧೂಳು ಹಾರಿ ಅವರ ಅನ್ನದ ಮೇಲೆ ಬೀಳುತ್ತದೆ. ಇನ್ನೂ ಒಂದು ಮಾತು. ಮಲ ಹೊರುವ ಪದ್ಧತಿ ನಿಲ್ಲಬೇಕು ಎಂದು ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಎಪ್ಪತ್ತರ ದಶಕದಲ್ಲೇ ಆಜ್ಞೆ ಮಾಡಿದರು. 1993ರಲ್ಲಿ ದೇಶದ ಕಾನೂನೂ ಬಂತು. 2011ರ ಅಕ್ಟೋಬರಿನಲ್ಲಿ ಇದೇ ಕೆ.ಜಿ.ಎಫ್.ನಲ್ಲಿ ಮಲದ ಗುಂಡಿಗೆ ಇಳಿದ ಮೂವರು ಸತ್ತರು. ಯಾರೂ ಇಲ್ಲದ ಊರಿನಲ್ಲಿ ಆ ಗುಂಡಿ ತುಂಬಿದ್ದು ಹೇಗೆ, ಇಳಿದವರು ಯಾರು ಎಂದು ಚಿತ್ರ ಮಾಡಿದವರನ್ನು ಕೇಳಬೇಕಾಗಿದೆ.

ಮತ್ತೆ, ಆ ದಿಬ್ಬಗಳನ್ನು ಸರ್ಕಾರ ಮರೆತಿದೆ ಅಂದುಕೊಂಡಿರಾ? ಹದಿಮೂರು ದಿಬ್ಬ, ಸುಮಾರು 3.3 ಕೋಟಿ ಟನ್ ಮಣ್ಣು. ಅದರೊಳಗೆ ಇನ್ನೂ ಚಿನ್ನದ ಚೂರು ಉಳಿದಿದೆ. ಅದನ್ನು ಮತ್ತೆ ತೆಗೆಯಲು 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಮಣ್ಣನ್ನು ಕೈಬಿಟ್ಟಿಲ್ಲ ಸ್ವಾಮಿ. ಲೆಕ್ಕ ಇಟ್ಟುಕೊಂಡಿದ್ದಾರೆ.

ಅವತ್ತಿನ ಇನ್ನೆರಡು ಮಾತು ಉಳಿದಿವೆ. ಚಿಂತಾಮಣಿ ಕಡೆಯಿಂದ ಬಂದಿದ್ದ ಗೆಳೆಯರು ಸುಮ್ಮನೆ ಕೂತಿದ್ದವರು ಕೊನೆಗೆ ಹೇಳಿದರು: ‘ನಿಜವಾಗಿ ಖಾಲಿಯಾದ ಮನೆ ನೋಡಬೇಕಾದ್ರೆ ಕಂಬಾಲಪಲ್ಲಿಗೆ ಬನ್ನಿ.’ ಸಭೆಯಲ್ಲಿ ಯಾರೂ ಉಸಿರೆತ್ತಲಿಲ್ಲ. 2000ದ ಮಾರ್ಚ್ 11ರ ರಾತ್ರಿ ಅಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಸುಟ್ಟರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಉಳಿದುಕೊಂಡವರು ಊರು ಬಿಟ್ಟು ಹೋದರು. ಆ ಮನೆ ಖಾಲಿಯಾದದ್ದಕ್ಕೂ ಈ ಗಣಿ ನಿಂತದ್ದಕ್ಕೂ ಒಂದೇ ಮಾತು, ‘ಪಾಳು’, ಸಾಕೇ? ಒಂದು ಕಡೆ ಜನ ಇದ್ದಾರೆ, ಇಲ್ಲ ಅಂತ ತೋರಿಸಿದರು. ಇನ್ನೊಂದು ಕಡೆ ಜನ ಇಲ್ಲ, ಯಾಕಿಲ್ಲ ಎಂದು ತೋರಿಸುವವರಿಲ್ಲ.

ಎರಡನೆಯದು ನಮ್ಮ ಅಕ್ಕ ಒಬ್ಬರು ಆಡಿದ್ದು. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ‘ನಮ್ಮ ಮುಖ ತೋರ್ಸಿ, ಹರಿದ ಸೀರೆ ತೋರ್ಸಿ, ಪಟ್ಟಣದೋರ ಕೈಲಿ ಅಯ್ಯೋ ಅನ್ನಿಸ್ಕೊಳ್ಳೋದಕ್ಕಿಂತ ಖಾಲಿ ಗೋಡೆ ತೋರ್ಸೋದೇ ವಾಸಿ ಅಲ್ವೇನಪ್ಪಾ?’ ಅಂದರು. ನಮ್ಮನ್ನು ಬಿಟ್ಟು ತೆಗೆದರೂ ಅವಮಾನ, ಹಿಡಿದು ತೆಗೆದರೂ ಅವಮಾನ ಆಗುವ ಹಾಗೆ ಕ್ಯಾಮರಾ ಅವರ ಕೈಯಲ್ಲಿದೆ. ಅಕ್ಕನ ಮಾತು ಅರ್ಧ ನಿಜ ಅಂತ ನನಗನ್ನಿಸುತ್ತದೆ. ಉಳಿದರ್ಧಕ್ಕೆ ಜಗಳ ಆಡೋಣ.

ಚಿತ್ರವನ್ನು ಒಯ್ಯೋಣ ಎಂಬುದು ನನ್ನ ಅಭಿಪ್ರಾಯ. ಆದರೆ ಪಿಟೀಲು ಬಂದ್ ಮಾಡಿ. ಆ ದನಿಯೂ ಬೇಡ. ಬಟ್ಟೆ ಒಣಗಿದ ಕಡೆ ನಿಲ್ಲಿಸಿ, ಇವು ಯಾರವು ಅಂತ ಕೇಳೋಣ. ಗಾರೆ ಕೆಲಸದ ಹುಡುಗ ತನ್ನ ಜೊತೆಯವರಿಬ್ಬರನ್ನು ಕರೆತರಲು ಒಪ್ಪಿದ್ದಾನೆ. ಭಾನುವಾರ ಆದರೆ ಬರುತ್ತಾರಂತೆ, ಉಳಿದ ದಿನ ಕೂಲಿ ಹೋಗುತ್ತದೆ. ಅವರ ರೈಲು ಚಾರ್ಜು ನಾವು ಕೊಡಬೇಕು, ಹುಂಡಿ ಈ ಕಡೆಯಿಂದ ಬರುತ್ತೆ. ಚಿತ್ರ ಮಾಡಿದ ಹುಡುಗರಿಗೂ ಕಾಗದ ಬರೆದಿದ್ದೇನೆ, ಬಂದು ಹಿಂದೆ ಕೂತು ಕೇಳಿ ಅಂತ. ಉತ್ತರ ಬಂದಿಲ್ಲ.

ಅಜ್ಜಿಯನ್ನೂ ಕರೆದೆ. ‘ಬತ್ತೀನಪ್ಪ, ಮುಂದೆ ಕೂರ್ಸು, ಹಿಂದೆ ಕೂತ್ರೆ ನಂಗೆ ಕಾಣಕ್ಕಿಲ್ಲ’ ಅಂದರು.

ಜೈ ಭೀಮ್.