ಲೋಡ್ ಲೆಕ್ಕ ನಕ್ಷೆಯ ಜೊತೆಗೇ ಹುಟ್ಟಲಿ



ವಾಣಿಜ್ಯ ಕಟ್ಟಡವೊಂದರ ನಕ್ಷೆ ಮಂಜೂರಾತಿಗೆ ಹೋಗುವ ಮುನ್ನ ಮುಂಭಾಗದ ಅಂದ, ಬಿಡಬೇಕಾದ ಜಾಗ, ಪಾರ್ಕಿಂಗ್ ಎಲ್ಲದರ ಬಗ್ಗೆಯೂ ತಿಂಗಳುಗಟ್ಟಲೆ ಚರ್ಚೆ ನಡೆಯುತ್ತದೆ. ವಿದ್ಯುತ್ ಲೋಡಿನ ಪಟ್ಟಿಗೆ ಮಾತ್ರ ಕೊನೆಯ ಸರದಿ. ಗೋಡೆ ಎದ್ದು, ಗಾರೆ ಮುಗಿದು, ಸಂಪರ್ಕಕ್ಕೆ ಅರ್ಜಿ ಹಾಕುವ ಹೊತ್ತಿಗೆ ಹಳೆಯ ಕಟ್ಟಡವೊಂದರ ಪಟ್ಟಿಯನ್ನು ತಿದ್ದಿ ಅಂಟಿಸುವುದು ಅನೇಕ ಕಡೆ ನಡೆದುಬಂದ ರೂಢಿ. ಈ ಕ್ರಮ ತಿರುಗುಮುರುಗಾಗಬೇಕು. ಎಂಜಿನಿಯರುಗಳು, ವಾಸ್ತುಶಿಲ್ಪಿಗಳು, ಗುತ್ತಿಗೆದಾರರು ಸೇರಿರುವ ಈ ಸಮ್ಮೇಳನ ಎತ್ತಬೇಕಾದ ಮುಖ್ಯ ಬೇಡಿಕೆ ಅದೇ.

ಈ ನಾಡಿನಲ್ಲಿ ವಿದ್ಯುತ್ತಿನ ಕಥೆ ಶುರುವಾದದ್ದೇ ಬೇಡಿಕೆಯ ಲೆಕ್ಕದಿಂದ. 1902ರಲ್ಲಿ ಶಿವನಸಮುದ್ರದಿಂದ ಹೊರಟ ತಂತಿಗಳು ಮೊದಲು ತಲುಪಿದ್ದು ಕೋಲಾರದ ಚಿನ್ನದ ಗಣಿಗಳನ್ನು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ಬಳಸುವವರು ಯಾರು, ಅವರಿಗೆಷ್ಟು ಬೇಕು ಎಂಬುದು ಮೊದಲು ಗೊತ್ತಾಯಿತು, ಯಂತ್ರಗಳು ಆಮೇಲೆ ಬಂದವು.

ಲೋಡ್ ಲೆಕ್ಕದಲ್ಲಿ ಎರಡು ಅಂಕಿಗಳಿವೆ. ಕಟ್ಟಡದಲ್ಲಿರುವ ಎಲ್ಲ ಉಪಕರಣಗಳ ಮೊತ್ತ ಕನೆಕ್ಟೆಡ್ ಲೋಡ್. ಅವುಗಳಲ್ಲಿ ಒಂದೇ ಹೊತ್ತಿಗೆ ಗರಿಷ್ಠ ಎಷ್ಟು ನಡೆಯುತ್ತವೆ ಎಂಬುದು ಮ್ಯಾಕ್ಸಿಮಂ ಡಿಮ್ಯಾಂಡ್. ಸಾವಿರ ಜನರನ್ನು ಕರೆದ ಮದುವೆಯಲ್ಲಿ ಅಡಿಗೆಯವರು ಒಂದು ಪಂಕ್ತಿಗೆ ಎಷ್ಟು ಎಲೆ ಎಂದು ಕೇಳಿಯೇ ಬಡಿಸುವವರನ್ನು ಗೊತ್ತುಮಾಡುತ್ತಾರೆ. ಎಂಜಿನಿಯರ್ ಕೇಳಬೇಕಾದ ಪ್ರಶ್ನೆಯೂ ಅಂಥದ್ದೇ.

ದಾವಣಗೆರೆಯಂಥ ಊರಿನಲ್ಲಿ 2,000 ಚದರ ಮೀಟರಿನ ಕಚೇರಿ ಕಟ್ಟಡ ಬರಲಿದೆ ಎಂದುಕೊಂಡು ಲೆಕ್ಕ ಹಾಕಿ ನೋಡಬಹುದು. ದೀಪಗಳಿಗೆ ಚದರ ಮೀಟರಿಗೆ 10 ವ್ಯಾಟ್ ಹಿಡಿದರೆ 20 ಕಿಲೋವ್ಯಾಟ್. ಕಂಪ್ಯೂಟರ್ ಮತ್ತು ಪ್ಲಗ್ ಪಾಯಿಂಟುಗಳಿಗೆ 25 ವ್ಯಾಟಿನಂತೆ 50. ನೂರು ಟನ್ ಏಸಿಗೆ ಟನ್ನಿಗೆ 1.2 ಕಿಲೋವ್ಯಾಟಿನಂತೆ 120. ಹತ್ತು ಎಚ್.ಪಿ.ಯ ಎರಡು ಲಿಫ್ಟುಗಳಿಗೆ ಸುಮಾರು 15, ಐದು ಎಚ್.ಪಿ.ಯ ಎರಡು ನೀರಿನ ಪಂಪುಗಳಿಗೆ 7.5. ಒಟ್ಟು ಕನೆಕ್ಟೆಡ್ ಲೋಡ್ 212.5 ಕಿಲೋವ್ಯಾಟ್. ಇನ್ನು ಏಕಕಾಲದ ಬಳಕೆ: ದೀಪ ಶೇ. 90, ಪ್ಲಗ್ ಶೇ. 50, ಏಸಿ ಶೇ. 80, ಲಿಫ್ಟ್ ಶೇ. 70, ಎರಡರಲ್ಲಿ ಒಂದೇ ಪಂಪು. ಹೀಗೆ ಹಿಡಿದರೆ ಡಿಮ್ಯಾಂಡ್ ಸುಮಾರು 153 ಕಿಲೋವ್ಯಾಟಿಗೆ ಇಳಿಯುತ್ತದೆ. ಪವರ್ ಫ್ಯಾಕ್ಟರ್ 0.9 ಆದರೆ ಅದು 170 ಕೆವಿಎ. ಮುಂದಿನ ಬೆಳವಣಿಗೆಗೆ ಶೇ. 20 ಸೇರಿಸಿದರೆ 204. ಅಲ್ಲಿಗೆ 250 ಕೆವಿಎ ಟ್ರಾನ್ಸ್‌ಫಾರ್ಮರ್ (ಟಿ.ಸಿ.) ಬೇಕೆಂದಾಯಿತು. 415 ವೋಲ್ಟಿನಲ್ಲಿ ಅದರ ಪೂರ್ಣ ಕರೆಂಟ್ ಸುಮಾರು 348 ಆಂಪಿಯರ್. ಕೇಬಲ್ಲು, ಬ್ರೇಕರು, ಪ್ಯಾನೆಲ್ಲು, ಪ್ಯಾನೆಲ್ ಕೋಣೆಯ ಅಳತೆ ಎಲ್ಲವೂ ಇಲ್ಲಿಂದ ಹುಟ್ಟುತ್ತವೆ.

"ಏಸಿ ಬಾಡಿಗೆದಾರರೇ ಹಾಕಿಸಿಕೊಳ್ಳುತ್ತಾರೆ" ಎಂದು ಮಾಲೀಕರು ಆ ಸಾಲನ್ನು ತೆಗೆಸಿದರೆ ಏನಾಗುತ್ತದೆ? ಡಿಮ್ಯಾಂಡ್ 57 ಕಿಲೋವ್ಯಾಟಿಗೆ ಬೀಳುತ್ತದೆ, 100 ಕೆವಿಎ ಟಿ.ಸಿ. ಸಾಕೆನಿಸುತ್ತದೆ. ಬೇಸಿಗೆ ಬರುತ್ತದೆ, ಮಹಡಿಗೊಂದು ಕಂಪನಿ ಬರುತ್ತದೆ, ಏಸಿಗಳೂ ಬರುತ್ತವೆ. ಆಗ 100 ಕೆವಿಎ ಟಿ.ಸಿ. 170 ಕೆವಿಎ ಹೊರಬೇಕು. ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಕರೆಂಟ್ 1.7 ಪಟ್ಟಾದರೆ ಶಾಖ ಸುಮಾರು 2.9 ಪಟ್ಟು. ಇನ್ಸುಲೇಷನ್ ಹಾಳಾಗುವ ದಾರಿ ಇದು.

ಲೋಡನ್ನು ಅಗತ್ಯಕ್ಕಿಂತ ಹೆಚ್ಚು ಬರೆದರೂ ನಷ್ಟ ತಪ್ಪುವುದಿಲ್ಲ. ಮಂಜೂರಾದ ಲೋಡಿನ ಮೇಲೆ ನಿಗದಿತ ಶುಲ್ಕವನ್ನು ತಿಂಗಳು ತಿಂಗಳೂ ಕಟ್ಟಬೇಕು. ದೊಡ್ಡ ಟಿ.ಸಿ. ಯಾರೂ ಬಳಸದ ರಾತ್ರಿಯಲ್ಲೂ ತನ್ನೊಳಗೆ ವಿದ್ಯುತ್ ನುಂಗುತ್ತಲೇ ಇರುತ್ತದೆ.

ಹಳೆಯ ಪಟ್ಟಿಯ ನಕಲು ಇಂದು ಏಕೆ ಸಲ್ಲದು ಎಂಬುದಕ್ಕೆ ವಿದ್ಯುತ್ ವಾಹನವೇ ಸಾಕ್ಷಿ. ಕೇಂದ್ರದ ಮಾದರಿ ಕಟ್ಟಡ ಉಪವಿಧಿಗಳಿಗೆ 2019ರಲ್ಲಿ ಆದ ತಿದ್ದುಪಡಿ ಪಾರ್ಕಿಂಗ್ ಸಾಮರ್ಥ್ಯದ ಶೇ. 20ರಷ್ಟಕ್ಕೆ ಚಾರ್ಜಿಂಗ್ ಸೌಲಭ್ಯ ಬೇಕೆಂದಿತು. ನಮ್ಮ ಉದಾಹರಣೆಯ ಕಟ್ಟಡದಲ್ಲಿ 40 ಕಾರು ನಿಲ್ಲುವುದಾದರೆ 8 ಪಾಯಿಂಟು, ತಲಾ 7.4 ಕಿಲೋವ್ಯಾಟ್, ಒಟ್ಟು 59ಕ್ಕೂ ಹೆಚ್ಚು. ಅದರಲ್ಲಿ ಶೇ. 60 ಮಾತ್ರ ಹಿಡಿದರೂ ಬೆಳವಣಿಗೆ ಸೇರಿ ಬೇಡಿಕೆ 250 ಕೆವಿಎ ದಾಟುತ್ತದೆ, 315ರ ಟಿ.ಸಿ. ಬೇಕಾಗುತ್ತದೆ. ನಕ್ಷೆ ಮುಗಿದ ಮೇಲೆ ಇದು ತಿಳಿದರೆ ಜಾಗವನ್ನು ಎಲ್ಲಿಂದ ತರುವುದು?

ಜಾಗದ ಪ್ರಶ್ನೆ ಪ್ರಾಣದ ಪ್ರಶ್ನೆಯೂ ಹೌದು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿ ಹತ್ತಿದ್ದು ನೆಲಮಹಡಿಯಲ್ಲಿದ್ದ ಟ್ರಾನ್ಸ್‌ಫಾರ್ಮರಿನಿಂದ. ಹೊಗೆ ಮೇಲಕ್ಕೇರಿ 59 ಮಂದಿ ಸತ್ತರು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ಡಕ್ಟಿನಲ್ಲಿ ಹುಟ್ಟಿದ ಬೆಂಕಿಯ ಹೊಗೆ ಮಹಡಿಗಳನ್ನು ತುಂಬಿತು; 9 ಜನ ಪ್ರಾಣ ಕಳೆದುಕೊಂಡರು. ಲೋಡ್ ಲೆಕ್ಕವೊಂದು ಸರಿಯಿದ್ದಿದ್ದರೆ ಇವು ನಡೆಯುತ್ತಿರಲಿಲ್ಲ ಎನ್ನುವುದು ಸರಿಯಾಗದು. ಆದರೆ ಟಿ.ಸಿ. ಎಲ್ಲಿ ಕೂರಬೇಕು, ಕೇಬಲ್ ಯಾವ ಡಕ್ಟಿನಲ್ಲಿ ಏರಬೇಕು, ಮಹಡಿ ಮಹಡಿಗೂ ಆ ಡಕ್ಟನ್ನು ಬೆಂಕಿ ತಡೆಯುವ ವಸ್ತುವಿನಿಂದ ಹೇಗೆ ಮುಚ್ಚಬೇಕು ಎಂಬುದೆಲ್ಲ ನಕ್ಷೆಯ ಮೇಜಿನ ಮೇಲೇ ತೀರ್ಮಾನವಾಗಬೇಕು. ವಾಣಿಜ್ಯ ಕಟ್ಟಡದ ಒಳಗೆ ಎಣ್ಣೆಯಿಲ್ಲದ ಡ್ರೈ ಟೈಪ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಇಂಥ ಬೆಂಕಿಯ ಅಪಾಯ ತಗ್ಗುತ್ತದೆ. ಫೈರ್ ಪಂಪಿನ ಲೋಡ್ ದಿನದ ಡಿಮ್ಯಾಂಡಿಗೆ ಸೇರುವುದಿಲ್ಲ, ಆದರೆ ಡೀಸೆಲ್ ಜನರೇಟರ್ (ಡಿ.ಜಿ.) ಸೆಟ್ಟಿನ ಲೆಕ್ಕದಲ್ಲಿ ಅದು ಇರಲೇಬೇಕು, ಮುಖ್ಯ ಸ್ವಿಚ್ ತೆಗೆದರೂ ಓಡುವಂತೆ ಅದಕ್ಕೆ ಪ್ರತ್ಯೇಕ ಫೀಡರ್ ಇರಬೇಕು.

ಕಾನೂನೂ ಈಗ ಬಿಗಿಯಾಗಿದೆ. 100 ಕಿಲೋವ್ಯಾಟ್ ಕನೆಕ್ಟೆಡ್ ಲೋಡ್ ಅಥವಾ 120 ಕೆವಿಎ ಒಪ್ಪಂದದ ಡಿಮ್ಯಾಂಡ್ ಮುಟ್ಟಿದ ವಾಣಿಜ್ಯ ಕಟ್ಟಡಗಳನ್ನು 2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ತನ್ನ ವ್ಯಾಪ್ತಿಗೆ ತಂದಿತು. ಹಾಗಾಗಿ ಲೋಡಿನ ಅಂಕಿ ಗೊತ್ತಾಗದೆ ಯಾವ ಸಂಹಿತೆ ಅನ್ವಯಿಸುತ್ತದೆ ಎಂಬುದೂ ಗೊತ್ತಾಗದು. ಪೂರ್ಣತಾ ಅಥವಾ ಸ್ವಾಧೀನಾನುಭವ ಪತ್ರ ಕಂಡ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಆದೇಶಿಸಿದೆ. ಮೊದಲು ಕಟ್ಟಿ ಆಮೇಲೆ ಸರಿಮಾಡಿಕೊಳ್ಳುವ ದಾರಿ ಮುಚ್ಚುತ್ತಿದೆ.

ಸಮ್ಮೇಳನದ ಮುಂದೆ ಮೂರು ನಿರ್ಣಯಗಳಿವೆ. ಮೊದಲನೆಯದು, ವಾಣಿಜ್ಯ ಕಟ್ಟಡದ ನಕ್ಷೆಯೊಂದಿಗೇ ಲೋಡ್ ಪಟ್ಟಿ, ಸಿಂಗಲ್ ಲೈನ್ ಡಯಾಗ್ರಾಂ, ಟಿ.ಸಿ. ಜಾಗದ ಗುರುತು ಇವು ಮೂರೂ ಸಲ್ಲಿಕೆಯಾಗಬೇಕು. ಎರಡನೆಯದು, ಪಟ್ಟಿಯಲ್ಲಿ ಹಿಡಿದ ಪ್ರತಿ ಶೇಕಡಾವಾರಿನ ಪಕ್ಕದಲ್ಲಿ ಅದರ ಕಾರಣ ಬರೆದಿರಬೇಕು. ಆಸ್ಪತ್ರೆಯ ಅಂಕಿ ಬಟ್ಟೆ ಅಂಗಡಿಗೆ ಹೊಂದುವುದಿಲ್ಲ. ಮೂರನೆಯದು, ಮಂಜೂರಾದ ಪಟ್ಟಿಯ ನಕಲು ಪ್ಯಾನೆಲ್ ಕೋಣೆಯ ಗೋಡೆಯ ಮೇಲೆ ಕನ್ನಡದಲ್ಲಿ ಇರಬೇಕು. ಹೊಸ ಬಾಡಿಗೆದಾರ ಬಂದಾಗ ವೈರ್‌ಮನ್ ಅದನ್ನು ನೋಡಿಯೇ ಹೊಸ ಲೈನು ಎಳೆಯಬೇಕು.

ಮಧ್ಯಾಹ್ನದ ಗೋಷ್ಠಿಯಲ್ಲಿ ಈ ಮೂರನ್ನೂ ಸಾಲು ಸಾಲಾಗಿ ಚರ್ಚಿಸಿ, ತಿದ್ದಿ, ಅಂಗೀಕರಿಸಿ, ನಗರ ಸ್ಥಳೀಯ ಸಂಸ್ಥೆಗಳಿಗೂ ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳಿಗೂ ವಿದ್ಯುತ್ ಪರಿವೀಕ್ಷಕರಿಗೂ ಕಳುಹಿಸಿಕೊಡಬೇಕೆಂದು ಪ್ರತಿನಿಧಿಗಳಲ್ಲಿ ವಿನಂತಿ.